ನವದಂಪತಿಗಳ ವರ್ಷದ ಪಯಣ: ವೀಸಾ ಲೆಕ್ಕ, ಹಬ್ಬದ ಲೆಕ್ಕ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡದ ಎರೆಭೂಮಿಯಲ್ಲಿ ಮದುವೆಗಳು ಬಹುಮಟ್ಟಿಗೆ ಹಿಂಗಾರಿನ ಜೋಳ, ಕಡಲೆಗಳ ಸುಗ್ಗಿ ಮುಗಿದ ಮೇಲೆ ನಡೆಯುತ್ತವೆ; ಆನಂತರದ ಮೊದಲ ವರ್ಷವು ಹೊಸ ಜೋಡಿಗೆ ಮಾತ್ರ ಸೇರಿದ್ದಾಗಿರದೆ ಎರಡು ಮನೆತನಗಳ ಹೋಗಿಬರುವಿಕೆಯ ವರ್ಷವಾಗಿರುತ್ತದೆ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಮಗಳನ್ನು ತವರಿಗೆ ಕರೆತರಬೇಕು, ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟುಗಳ ಜೊತೆಗೆ ಜೋಕಾಲಿ ಕಟ್ಟಬೇಕು; ದೀಪಾವಳಿಗೆ ಹೊಸ ಅಳಿಯನನ್ನು ಕರೆಸಿ ಆರತಿ ಎತ್ತಿ ಉಡುಗೊರೆ ಕೊಡಬೇಕು. ಹೀಗಿರುವಾಗ ಬೆಂಗಳೂರು, ಪುಣೆಗಳಲ್ಲಿ ದುಡಿಯುವ ಈ ಭಾಗದ ಗಂಡುಹೆಣ್ಣುಗಳು ಆ ವರ್ಷವನ್ನೇ ವಿದೇಶ ಸುತ್ತಲು ಮೀಸಲಿಡಬಯಸಿದರೆ ಮನೆಯಲ್ಲಿ ಏಳುವ ಪ್ರಶ್ನೆ ಹಣದ್ದಷ್ಟೇ ಅಲ್ಲ, ಹಬ್ಬದ್ದೂ ಹೌದು. ಆ ಪ್ರಶ್ನೆಗೆ ಸಮಾಧಾನವು ವಿದೇಶಗಳ ವೀಸಾ ನಿಯಮಗಳಲ್ಲಿಯೇ ಇದೆ ಎಂಬುದನ್ನು ಹೆಚ್ಚಿನವರು ಗಮನಿಸಿದಂತಿಲ್ಲ.

ಹತ್ತು ದಿನಗಳಲ್ಲಿ ಏಳು ಪಟ್ಟಣಗಳನ್ನು ಓಡಿ ನೋಡುವ ಬದಲು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಬಾಡಿಗೆ ಮನೆ ಹಿಡಿದು, ಅಲ್ಲಿನ ಸಂತೆಯಲ್ಲಿ ಕಾಯಿಪಲ್ಲೆ ಕೊಂಡು, ಅಲ್ಲಿಯವರಂತೆ ಬದುಕಿ ನೋಡುವುದೇ ನಿಧಾನ ಪ್ರವಾಸ; ವರ್ಷವಿಡೀ ಸುತ್ತಬಯಸುವ ಜೋಡಿಗೆ ಒಪ್ಪುವ ಬಗೆ ಇದೇ. ಇದರ ಬೇರು ಇಟಲಿಯಲ್ಲಿದೆ: 1986ರಲ್ಲಿ ರೋಮ್ ನಗರದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಮಳಿಗೆ ತೆರೆಯುವುದರ ವಿರುದ್ಧ ಎದ್ದ ಪ್ರತಿಭಟನೆಯಿಂದ ಕಾರ್ಲೊ ಪೆಟ್ರಿನಿ ಅವರ ಸ್ಲೋ ಫುಡ್ ಚಳವಳಿ ಬೆಳೆಯಿತು, 1999ರಲ್ಲಿ ಅದರ ಪ್ರೇರಣೆಯಿಂದ ಚಿತ್ತಾಸ್ಲೋ ಎಂಬ ನಿಧಾನ ಪಟ್ಟಣಗಳ ಕೂಟ ಹುಟ್ಟಿತು. ಐವತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ ಅದರಲ್ಲಿ ಪೂರ್ಣ ಸದಸ್ಯತ್ವವಿದ್ದು, 2011ರ ಜನಗಣತಿಯಂತೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಆ ಮಿತಿಯೊಳಗೇ ಬರುತ್ತವೆ. ನಿಧಾನವಾಗಿ ದೂರ ಸಾಗುವುದು ಈ ನಾಡಿಗೆ ಹೊಸತೂ ಅಲ್ಲ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಇಂದಿಗೂ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಮೈಸೂರಿನ ಕೃಷ್ಣಕುಮಾರ್ ಅವರು 2018ರಲ್ಲಿ ತಾಯಿ ಚೂಡಾರತ್ನ ಅವರನ್ನು ಹಳೆಯ ಬಜಾಜ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟು, ದೇಶವನ್ನು ಸುತ್ತುತ್ತ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಕಂಡರು. ಅವರು ದಂಪತಿಗಳಲ್ಲ, ತಾಯಿ ಮಗ. ಆದರೂ ಅವಸರವಿಲ್ಲದ ದೀರ್ಘ ಪ್ರವಾಸಕ್ಕೆ ಕನ್ನಡಿಗರಲ್ಲಿ ಇದಕ್ಕಿಂತ ಮನಮುಟ್ಟುವ ಮಾದರಿ ಸಿಗುವುದು ಕಷ್ಟ.

ಪ್ರವಾಸದ ಮೊದಲ ಮಜಲು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಯುರೋಪಿಗೆ ಹೊರಡುವವರಿಗೆ ಬೇಕಾದದ್ದು ಷೆಂಗೆನ್ ವೀಸಾ. ಷೆಂಗೆನ್ ಎಂದರೆ ಪರಸ್ಪರ ಗಡಿ ತಪಾಸಣೆಯನ್ನು ತೆಗೆದುಹಾಕಿಕೊಂಡ ಯುರೋಪಿನ 29 ದೇಶಗಳ ಒಕ್ಕೂಟ. ಅಲ್ಲಿಗೆ ಹೋಗುವವರ ಆಸ್ಪತ್ರೆ ಖರ್ಚಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಇರಬೇಕು, ಮರಳಿ ಬರುತ್ತಾರೆಂಬುದಕ್ಕೆ ಪುರಾವೆಯೂ ಬೇಕು. ನೌಕರಿ ಬಿಟ್ಟು ಹೊರಟವರಿಗೆ ಈ ಎರಡನೆಯದೇ ತೊಡಕು. ರಜೆ ಮಂಜೂರಾದ ಪತ್ರ, ಆದಾಯ ತೆರಿಗೆ ವಿವರ ಇಲ್ಲದವರು ಬ್ಯಾಂಕ್ ಲೆಕ್ಕಪತ್ರದ ಜೊತೆಗೆ ಹೊಲದ ಉತಾರವನ್ನೂ, ಅಂದರೆ ಪಹಣಿಯನ್ನೂ, ಇಂಗ್ಲಿಷಿಗೆ ಅನುವಾದಿಸಿ ಲಗತ್ತಿಸುವುದು ಒಳಿತು; ಊರಿನೊಂದಿಗಿನ ನಂಟನ್ನು ಕಾಗದದ ಮೇಲೆ ತೋರಿಸುವ ದಾಖಲೆ ರೈತ ಕುಟುಂಬಕ್ಕೆ ಅದೇ ಆಗಿದೆ, ಆದರೆ ಅದೊಂದರಿಂದಲೇ ವೀಸಾ ಖಚಿತವಾಗುವುದಿಲ್ಲ.

ಗಂಟು ಕಟ್ಟುವಾಗಲೂ ಈ ಭಾಗದವರಿಗೆ ಒಂದು ಅನುಕೂಲವಿದೆ. ಗಜೇಂದ್ರಗಡದ ಕೈಮಗ್ಗದಲ್ಲಿ ನೇಯುವ ಪಟ್ಟೆದ ಅಂಚಿನ ಸೀರೆಯು ದಪ್ಪ ಹತ್ತಿ ನೂಲಿನದು, ಒಡಲಿನಲ್ಲಿ ಚೌಕುಳಿ, ಅಗಲವಾದ ಅಂಚು, ಒಳಮೈ ಹೊರಮೈ ಎಂಬ ಭೇದವಿಲ್ಲದೆ ಎರಡೂ ಬದಿಯಿಂದ ಉಡಬಹುದಾದದ್ದು; ಮದುಮಗಳಿಗೆ ಕೊಡುತ್ತ ಬಂದ ಈ ಸೀರೆ ಒಗೆತಕ್ಕೆ ಅಂಜದ, ಇಸ್ತ್ರಿ ಬೇಡದ ಪ್ರಯಾಣದ ಉಡುಪೂ ಹೌದು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡದೆ ಉಳಿಯುತ್ತವೆ. ಆದರೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿರುವುದರಿಂದ, ತಾಯಿ ಕಾಯಿಸಿ ಕೊಟ್ಟ ತುಪ್ಪವನ್ನೂ ಧಾರವಾಡದ ಪೇಢೆಯನ್ನೂ ಮನೆಯಲ್ಲಿಯೇ ಬಿಟ್ಟು ಹೊರಡಬೇಕಾಗುತ್ತದೆ.

ಇನ್ನು ಮುಖ್ಯವಾದ ದಿನಗಳ ಲೆಕ್ಕ. ಷೆಂಗೆನ್ ನಿಯಮದಂತೆ ಪ್ರವಾಸಿಯು ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಮಾತ್ರ ಅಲ್ಲಿರಬಹುದು. 29 ದೇಶಗಳಿಗೂ ಸೇರಿ ಒಂದೇ ಎಣಿಕೆ, ಆದ್ದರಿಂದ ಇಟಲಿಯಿಂದ ಸ್ಪೇನಿಗೆ ಹೋದ ಮಾತ್ರಕ್ಕೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಸತತ 90 ದಿನ ಕಳೆದವರು ಮುಂದಿನ 90 ದಿನ ಹೊರಗಿರಲೇಬೇಕು. ಪಂಚಾಂಗದಲ್ಲಿ ಶ್ರಾವಣ ಶುದ್ಧ ಪಂಚಮಿಯಿಂದ ದೀಪಾವಳಿಯ ಅಮಾವಾಸ್ಯೆಯವರೆಗಿನ ಅಂತರವೂ ಹೆಚ್ಚು ಕಡಿಮೆ ಮೂರು ತಿಂಗಳೇ. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ ಹೊರಟು ಯುರೋಪಿನ ವಸಂತ ಮತ್ತು ಬೇಸಿಗೆಯನ್ನು ಒಂದೆರಡು ಊರುಗಳಲ್ಲಿ ಕಳೆದು, ಪಂಚಮಿಗೆ ತವರಿನ ಜೋಕಾಲಿಯ ಹೊತ್ತಿಗೆ ಮರಳಿ, ಅಳಿಯನ ದೀಪಾವಳಿ ಮುಗಿಸಿಕೊಂಡು ಮತ್ತೆ ಹೊರಡುವುದು ಸಾಧ್ಯ. ಎರಡು ಸಲದ ವಿಮಾನ ಟಿಕೆಟ್ಟಿನ ಖರ್ಚು ಹೆಚ್ಚುತ್ತದೆ ನಿಜ; ಮೂರು ತಿಂಗಳ ವಿದೇಶದ ಬಾಡಿಗೆ ಉಳಿಯುತ್ತದೆ, ಅದಕ್ಕಿಂತ ಮಿಗಿಲಾಗಿ ಎರಡೂ ಮನೆಯ ಹಿರಿಯರ ಮನಸ್ಸು ನೋಯುವುದಿಲ್ಲ.

ದೀಪಾವಳಿಯ ನಂತರ ಯುರೋಪಿನಲ್ಲಿ ಚಳಿ ಕಠಿಣವಾದ್ದರಿಂದ ಪೂರ್ವದ ದಿಕ್ಕು ವಾಸಿ. ವಿಯೆಟ್ನಾಂ 2023ರ ಆಗಸ್ಟ್ 15ರಿಂದ 90 ದಿನಗಳ ಇ-ವೀಸಾ ಕೊಡುತ್ತಿದ್ದು, ಅದಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು. ಅಲ್ಲಿಂದ ಬಂದವರಿಗೆ ಕಡೆಯ ಮಜಲಾಗಿ ನೇಪಾಳ ಅತ್ಯಂತ ಸುಲಭ. 1950ರ ಭಾರತ–ನೇಪಾಳ ಒಪ್ಪಂದವು ಎರಡೂ ದೇಶಗಳ ಪ್ರಜೆಗಳಿಗೆ ಪರಸ್ಪರ ಓಡಾಟ ಮತ್ತು ವಾಸದ ಹಕ್ಕನ್ನು ಕೊಟ್ಟಿರುವುದರಿಂದ ಭಾರತೀಯರಿಗೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿಯಿದ್ದರೂ ಸಾಕು, ಮತ್ತು ಯುಗಾದಿಗೆ ಮರಳುವ ದಿನವನ್ನು ಅಲ್ಲಿದ್ದುಕೊಂಡೇ ನಿಶ್ಚಯಿಸಬಹುದು.