ಹತ್ತು ಕಿಲೋಮೀಟರ್ ಮೇಲಕ್ಕೆ, ಹತ್ತು ಕಿಲೋಮೀಟರ್ ಕೆಳಕ್ಕೆ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಎಂಬುದು ನಿಮಗೆ ತಿಳಿದೇ ಇದೆ. ಅದಕ್ಕಿಂತ ಹೆಚ್ಚು ದೂರದ ಓಟಗಳನ್ನು ಅಲ್ಟ್ರಾಮ್ಯಾರಥಾನ್ ಎನ್ನುತ್ತಾರೆ. ಇವುಗಳಲ್ಲಿ ಅತಿ ಕಠಿಣವಾದವುಗಳನ್ನು ಪಟ್ಟಿ ಮಾಡಿದರೆ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಅಕ್ಟೋಬರ್ ತಿಂಗಳಲ್ಲಿ ನಡೆಯುವ 'ಗ್ರಾಂ ರೇಡ್' ಅದರಲ್ಲಿ ಇದ್ದೇ ಇರುತ್ತದೆ. 1989ರಲ್ಲಿ ಆರಂಭವಾದ ಈ ಓಟಕ್ಕೆ ಅಲ್ಲಿನವರು ಇಟ್ಟಿರುವ ಇನ್ನೊಂದು ಹೆಸರು 'ಹುಚ್ಚರ ಕರ್ಣರೇಖೆ'. ದ್ವೀಪದ ಉದ್ದ ಸುಮಾರು 63 ಕಿಲೋಮೀಟರ್ ಮಾತ್ರ. ಆದರೆ ದಕ್ಷಿಣದ ಸೇಂಟ್ ಪಿಯರ್ ಪಟ್ಟಣದಿಂದ ಉತ್ತರದ ಸೇಂಟ್ ಡೆನಿಸ್‌ವರೆಗಿನ ಓಟದ ದಾರಿ ಸುತ್ತಿ ಬಳಸಿ 165ರಿಂದ 180 ಕಿಲೋಮೀಟರ್ ಆಗುತ್ತದೆ. ಏರುವ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್. ಗೆಲ್ಲುವವರಿಗೆ 24 ಗಂಟೆಯ ಆಸುಪಾಸು ಬೇಕು. ಉಳಿದವರಿಗೆ ಸುಮಾರು 66 ಗಂಟೆಗಳ ಗಡುವು. ಮುಗಿಸಿದವರಿಗೆ ಕೊಡುವ ಅಂಗಿಯ ಮೇಲೆ 'ನಾನು ಬದುಕುಳಿದೆ' ಎಂದು ಅಚ್ಚು ಹಾಕಿರುತ್ತಾರೆ.

ಇಷ್ಟು ಸಣ್ಣ ದ್ವೀಪದಲ್ಲಿ ಇಷ್ಟೊಂದು ಏರಿಳಿತ ಎಲ್ಲಿಂದ ಬಂತು? ರಿಯೂನಿಯನ್ ಎಂದರೆ ಸಾಗರತಳದಿಂದ ಸುಮಾರು 7,000 ಮೀಟರ್ ಎದ್ದು ನಿಂತ ಜ್ವಾಲಾಮುಖಿ ಪರ್ವತ. ನೀರಿನ ಮೇಲೆ ಕಾಣುವುದು ಅದರ ತುದಿ ಮಾತ್ರ. ಅತ್ಯುನ್ನತ ಶಿಖರ ಪಿಟೊನ್ ದೆ ನೇಜ್ (3,070 ಮೀಟರ್) ಸಾವಿರಾರು ವರ್ಷಗಳಿಂದ ತಣ್ಣಗಿದೆ. ಆಗ್ನೇಯದ ಪಿಟೊನ್ ದೆ ಲಾ ಫುರ್ನೇಸ್ ಇಂದಿಗೂ ಉರಿಯುತ್ತಿದೆ. 2007ರ ಏಪ್ರಿಲ್‌ನಲ್ಲಿ ಅದರ ಮುಖ್ಯ ಕುಂಡದ ತಳವೇ ಸುಮಾರು 300 ಮೀಟರ್ ಕುಸಿಯಿತು. ಈ ಪರ್ವತಗಳ ಮೇಲೆ ಸುರಿಯುವ ಮಳೆಯೂ ಸಾಮಾನ್ಯದ್ದಲ್ಲ. 1966ರ ಜನವರಿಯಲ್ಲಿ ಇಲ್ಲಿನ ಫೊಕ್ ಫೊಕ್ ಎಂಬಲ್ಲಿ 24 ಗಂಟೆಗಳಲ್ಲಿ ಬಿದ್ದ 1,825 ಮಿಲಿಮೀಟರ್ ಮಳೆ ವಿಶ್ವದಾಖಲೆ. ಸಡಿಲ ಬೂದಿ ಪದರ, ಬಿರುಕುಬಿಟ್ಟ ಬಸಾಲ್ಟ್, ಅದರ ಮೇಲೆ ಇಂಥ ಮಳೆ! ಕುಸಿತ ಮತ್ತು ಸವೆತದಿಂದ ಹಳೆಯ ಜ್ವಾಲಾಮುಖಿಯ ಸುತ್ತ ಕಡಿದಾದ ಗೋಡೆಗಳ ಮೂರು ಬೃಹತ್ ಬೋಗುಣಿಗಳು ಉಂಟಾಗಿವೆ: ಸಿಲಾವೊಸ್, ಸಲಾಜಿ, ಮಫಾತ್. ಮಫಾತ್‌ನ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ನಡೆದು ಹೋಗಬೇಕು, ಸಾಮಾನು ಹೆಲಿಕಾಪ್ಟರ್‌ನಲ್ಲಿ ಬರುತ್ತದೆ. ಓಟಗಾರರು ಸಿಲಾವೊಸ್‌ನಿಂದ 2,080 ಮೀಟರ್ ಎತ್ತರದ ತೈಬಿ ಕಣಿವೆದಾರಿ ಹತ್ತಿ ಈ ಮಫಾತ್‌ಗೆ ಇಳಿಯಬೇಕು.

ಈ ಕಲ್ಲಿನೊಂದಿಗೆ ನಮಗೂ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತದ ಭೂಫಲಕ ಉತ್ತರಕ್ಕೆ ಸಾಗುತ್ತಿದ್ದಾಗ, ಈಗ ರಿಯೂನಿಯನ್ ಅಡಿಯಲ್ಲಿರುವ ಬಿಸಿಚುಕ್ಕೆಯೇ ದಖನ್ನಿನ ಲಾವಾ ಪ್ರವಾಹಕ್ಕೆ ಮೂಲವಾಯಿತು ಎಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕರಿಗಲ್ಲು ಆ ಲಾವಾದ್ದೇ.

ಏರುವ ಲೆಕ್ಕ, ಇಳಿಯುವ ಲೆಕ್ಕ

ನಿಮ್ಮ ತೂಕ 60 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಅಷ್ಟು ತೂಕವನ್ನು 10,000 ಮೀಟರ್ ಎತ್ತಲು ಬೇಕಾದ ಕೆಲಸ ಸುಮಾರು 59 ಲಕ್ಷ ಜೂಲ್, ಅಂದರೆ 1,400 ಕಿಲೋಕ್ಯಾಲೊರಿ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಕೆಲಸವಾಗಿ ಪರಿವರ್ತಿಸಬಲ್ಲವು. ಹಾಗಾಗಿ ನಿಜವಾದ ಖರ್ಚು 5,600 ಕಿಲೋಕ್ಯಾಲೊರಿ. ಮುಂದಕ್ಕೆ ಸಾಗುವ ಖರ್ಚು ಬೇರೆ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿರುವ ದಾಸ್ತಾನು ಸುಮಾರು 2,000 ಕಿಲೋಕ್ಯಾಲೊರಿ. ಮಿಕ್ಕಿದ್ದು ದಾರಿಯಲ್ಲಿ ತಿಂದದ್ದರಿಂದ ಮತ್ತು ಕೊಬ್ಬಿನಿಂದ ಬರಬೇಕು. ಕೊಬ್ಬು ನಿಧಾನವಾಗಿ ಉರಿಯುವ ಇಂಧನವಾದ್ದರಿಂದ ಏರಿನಲ್ಲಿ ಹೆಚ್ಚಿನವರು ಓಡುವುದಿಲ್ಲ, ನಡೆಯುತ್ತಾರೆ.

ಇಳಿಯುವಾಗಲೂ ಅದೇ 59 ಲಕ್ಷ ಜೂಲ್ ಲೆಕ್ಕಕ್ಕೆ ಸಿಗಬೇಕಲ್ಲವೆ? ವಾಹನವಾದರೆ ಬ್ರೇಕು ಬಿಸಿಯಾಗುತ್ತದೆ. ಮನುಷ್ಯನಿಗೆ ಬ್ರೇಕು ಎಂದರೆ ಮುಖ್ಯವಾಗಿ ತೊಡೆಯ ಮುಂಭಾಗದ ಸ್ನಾಯು. ತುಂಬಿದ ಕೊಡವನ್ನು ಬಾವಿಗೆ ನಿಧಾನವಾಗಿ ಇಳಿಬಿಡುವುದನ್ನು ನೆನೆಸಿಕೊಳ್ಳಿ. ಹಗ್ಗ ಬಿಡುತ್ತಲೇ ಬಿಗಿ ಹಿಡಿದಿರಬೇಕು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹೀಗೆಯೇ ಬಿಗಿದುಕೊಂಡಿದ್ದೇ ಹಿಗ್ಗುತ್ತದೆ. ಈ ಬಗೆಯ ಕೆಲಸಕ್ಕೆ ಆಕ್ಸಿಜನ್ ಕಡಿಮೆ ಸಾಕು. ಆದ್ದರಿಂದ ಉಸಿರು ಹಗುರಾಗಿ ಓಟಗಾರ ವೇಗ ಹೆಚ್ಚಿಸುತ್ತಾನೆ. ಮೋಸವಿರುವುದು ಇಲ್ಲೇ. ಉಸಿರು ದೂರು ಹೇಳದಿದ್ದರೂ ಸ್ನಾಯುತಂತುಗಳ ಒಳರಚನೆ ಅಲ್ಲಲ್ಲಿ ಹರಿಯುತ್ತಿರುತ್ತದೆ. ಬೆಟ್ಟದ ಮೆಟ್ಟಿಲು ಹತ್ತಿಳಿದ ಮರುದಿನ ಬಚ್ಚಲಿಗೆ ಹೋಗಲೂ ತೊಡೆ ನೋಯುವುದು ಹತ್ತಿದ್ದರಿಂದಲ್ಲ, ಇಳಿದದ್ದರಿಂದ.

ಹಾನಿ ವಿಪರೀತವಾದರೆ ಸ್ನಾಯುಕೋಶಗಳು ಒಡೆದು ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಮೂತ್ರಪಿಂಡಗಳು ಕಟ್ಟಿಕೊಳ್ಳಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಲೇಬೇಕು. ಇಂಥ ಹೊತ್ತಿನಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗುವುದು ಶುದ್ಧ ಅವಿವೇಕ; ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ.

ನೀರೂ ಹೆಚ್ಚಾಗಬಹುದು

'ಸಿಕ್ಕಲ್ಲೆಲ್ಲ ನೀರು ಕುಡಿಯಿರಿ' ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ದೀರ್ಘ ಓಟದಲ್ಲಿ ಇದು ಜೀವಕ್ಕೆ ಎರವಾಗಬಹುದು. ದಣಿವು, ನೋವು, ವಾಕರಿಕೆಗಳಿದ್ದಾಗ ಮೂತ್ರ ತಡೆಯುವ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಕುಡಿದ ನೀರು ಹೊರಹೋಗದೆ ರಕ್ತದಲ್ಲಿನ ಸೋಡಿಯಮ್ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇ. 13 ಮಂದಿಯ ಸೋಡಿಯಮ್ ಮಟ್ಟ ಕುಸಿದಿತ್ತು. ಓಟದ ನಡುವೆ ತೂಕ ಹೆಚ್ಚಿದವರಲ್ಲೇ ಇದು ಹೆಚ್ಚು. ಅದೇ ವರ್ಷದ ಓಟದಲ್ಲಿ ಒಬ್ಬ ಓಟಗಾರ್ತಿ ಇದೇ ತೊಂದರೆಯಿಂದ ತೀರಿಕೊಂಡರು. ಬಾಯಾರಿದಷ್ಟೇ ಕುಡಿಯಿರಿ ಎಂಬುದು ಈಗಿನ ಸಲಹೆ. ತಲೆನೋವು, ಗೊಂದಲ, ತೊದಲು ಮಾತು ಕಂಡ ಓಟಗಾರನಿಗೆ ಇನ್ನಷ್ಟು ನೀರು ಕುಡಿಸುವ ಮೊದಲು ಯೋಚಿಸಬೇಕು.

ಇದರ ಮೇಲೆ ಹವೆಯ ಏರುಪೇರು: ಪ್ರತಿ 1,000 ಮೀಟರ್ ಏರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಕರಾವಳಿಯಲ್ಲಿ ಬೆವರಿದವರೇ ಮೇಲೆ ರಾತ್ರಿ ನಡುಗುತ್ತಾರೆ. ಎರಡನೆಯ ರಾತ್ರಿ ನಿದ್ದೆಗೆಟ್ಟ ಮಿದುಳು ಬಂಡೆಯನ್ನು ಮನುಷ್ಯನೆಂದು ತೋರಿಸುವುದೂ ಉಂಟು. ಬಿದ್ದು ಕಾಲು ಮುರಿದುಕೊಳ್ಳುವುದಕ್ಕಿಂತ ಅರ್ಧ ಗಂಟೆ ಮಲಗುವುದು ಮೇಲು.

ಸ್ನಾಯುಗಳಿಗೆ ಒಂದು ಒಳ್ಳೆಯ ಗುಣವಿದೆ. ಒಮ್ಮೆ ಮಿತವಾಗಿ ಇಳಿಜಾರಿನ ಪೆಟ್ಟು ತಿಂದು ಚೇತರಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಕಡಿಮೆ ಹಾನಿಗೊಳ್ಳುತ್ತವೆ. ಅದಕ್ಕೇ ತಿಳಿದ ಓಟಗಾರರು ಏರುವುದರ ಜೊತೆಗೆ ಇಳಿಯುವುದನ್ನೂ ಅಭ್ಯಾಸ ಮಾಡುತ್ತಾರೆ. ಗ್ರಾಂ ರೇಡ್‌ನಲ್ಲಿ ಅದಂತೂ ಬೇಕೇ ಬೇಕು: ಕೊಲೊರಾದೊ ಗುಡ್ಡದಿಂದ ಸೇಂಟ್ ಡೆನಿಸ್‌ನ ಲಾ ರೆದೂತ್ ಕ್ರೀಡಾಂಗಣದವರೆಗಿನ ಕಟ್ಟಕಡೆಯ ಹಂತವೂ ಇಳಿಜಾರೇ.