ಹಾಸನ ಸೀಮೆಯಲ್ಲಿ ಮನೆತನಗಳ ಚರಿತ್ರೆಗೆ ಆಧಾರಗಳು

ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಜನನ, ವಿವಾಹ, ಮರಣಗಳನ್ನು ದಾಖಲೆಯಲ್ಲಿ ಬರೆದಿಡತಕ್ಕದ್ದೆಂಬ ನಿಯಮವು 1639ರಷ್ಟು ಹಿಂದೆಯೇ ಏರ್ಪಟ್ಟಿತು. 1850ಕ್ಕೆ ಹಿಂದಿನ ಊರಪುಸ್ತಕಗಳನ್ನು ಸಂರಕ್ಷಿಸಲು ಅಲ್ಲಿನ ಶಾಸನಸಭೆ 1902ರಲ್ಲಿ ಕಾನೂನು ಮಾಡಿತು. ಆದುದರಿಂದ ಅಲ್ಲಿ ಸಾಮಾನ್ಯ ರೈತನ ವಂಶವನ್ನೂ ಅರಸುವುದು ಸಾಧ್ಯವಾಗಿದೆ. ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವೂ 1902ರಲ್ಲಿಯೇ ಪ್ರಕಟವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳು ಇದರಲ್ಲಿವೆ. ಶ್ರವಣಬೆಳಗೊಳದವು ಮಾತ್ರ ಎರಡನೆಯ ಸಂಪುಟದಲ್ಲಿವೆ. ಆದರೆ ಈ ಎರಡು ಬಗೆಯ ದಾಖಲೆಗಳ ಸ್ವಭಾವ ಒಂದಲ್ಲ. ಅಲ್ಲಿ ಹುಟ್ಟಿದುದೇ ಹೆಸರು ಬರೆಯುವುದಕ್ಕೆ ಸಾಕಾದ ಕಾರಣ. ಇಲ್ಲಿ ದಾನ, ಹಕ್ಕು, ವ್ರತ ಅಥವಾ ವೀರಮರಣ ಕಾರಣ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ ಒಂದು ಶಾಸನವನ್ನು ನೋಡಬಹುದು. ವಿಷ್ಣುವರ್ಧನನ ರಾಣಿ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ತರುವಾಯ, ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದುದನ್ನು ಅದು ತಿಳಿಸುತ್ತದೆ. ಮಾಚಿಕಬ್ಬೆಯ ತಂದೆ ಬಲದೇವ, ತಾಯಿ ಬಾಚಿಕಬ್ಬೆ ಮೊದಲಾದವರ ಹೆಸರುಗಳೂ ಅಲ್ಲಿ ಬಂದಿವೆ. ಒಂದು ಮರಣದ ನೆನಪಿಗಾಗಿ ಬರೆದ ಬರಹವೇ ಹೀಗೆ ತಾಯಿಯ ಕಡೆಯ ವಂಶಾವಳಿಯಾಗಿ ಪರಿಣಮಿಸಿದೆ. ಅಗ್ರಹಾರದಾನದ ತಾಮ್ರಶಾಸನಗಳಲ್ಲಾದರೋ ವೃತ್ತಿವಂತರ ತಂದೆಯ ಹೆಸರು, ಗೋತ್ರ, ಸೂತ್ರಗಳು ದೊರೆಯುತ್ತವೆ. ತುರುಗಾಳಗದಲ್ಲಿ ಮಡಿದ ಸಾಮಾನ್ಯನ ಹೆಸರನ್ನು ಕಾಣಬೇಕಾದರೆ ವೀರಗಲ್ಲಿಗೇ ಹೋಗಬೇಕು. ಭೂಮಿಯಿಲ್ಲದೆ ದುಡಿದವರ ಮನೆಗಳು ಮಾತ್ರ ಬಹುಮಟ್ಟಿಗೆ ಇವೆಲ್ಲದರ ಹೊರಗೇ ಉಳಿದಿವೆ.

ಆದಕಾರಣ ಶೋಧಕನು ತನ್ನ ಕಾಲದಿಂದ ಹಿಂದಕ್ಕೆ ನಡೆಯುವುದು ಲೇಸು. ಮೊದಲು 1969ರ ಜನನ ಮರಣ ನೋಂದಣಿ ಅಧಿನಿಯಮದ ದಾಖಲೆಗಳು, ಅದಕ್ಕೂ ಹಿಂದೆ ಪಟೇಲರು ಬರೆದ ಪುಸ್ತಕಗಳು ಸಿಕ್ಕಿದಲ್ಲಿ ಅವು, ಬಳಿಕ ಪಹಣಿ, ಖಾತೆ, ವಿಭಾಗಪತ್ರ, ಶಾನುಭೋಗರ ಕಡತಗಳು, ಕೊನೆಗೆ ಶಾಸನಗಳು. ನಾಮಕರಣಕ್ಕೆ ಮೊದಲೇ ದಾಖಲಾದ ಶಿಶುವಿಗೆ ಪುಸ್ತಕದಲ್ಲಿ ಹೆಸರಿರುವುದಿಲ್ಲ. ಅಂತಹೆಡೆ ತಂದೆಯ ಹೆಸರೂ ಊರೂ ಆಧಾರವಾಗಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರುಕಳಿಸುತ್ತವೆ: ವಿರೋಧಿಕೃತ್ ಎಂದಷ್ಟೇ ಬರೆದ ಪತ್ರವು 1851ರದೂ ಆಗಬಹುದು, 1911ರದೂ ಆಗಬಹುದು. ಮತ್ತೊಂದು, ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ಇದರಿಂದ ಇಬ್ಬರು ಒಬ್ಬನಾಗಿ ತೋರಿ, ನಡುವಣ ಎರಡು ತಲೆಮಾರು ಲೆಕ್ಕದಿಂದ ಜಾರಿಹೋಗುವುದುಂಟು. ಶಾಸನದ ಹೆಸರೊಂದು ತಮ್ಮ ಮನೆಯ ಹೆಸರನ್ನು ಹೋಲಿದ ಮಾತ್ರಕ್ಕೆ ಅವನೇ ಮೂಲಪುರುಷನೆಂದು ಹೇಳುವುದು ಅಭಿಮಾನವಾದೀತೇ ಹೊರತು ಚರಿತ್ರೆಯಾಗದು. ನಡುವಣ ಪ್ರತಿಯೊಂದು ಕೊಂಡಿಗೂ ಪ್ರತ್ಯೇಕವಾದ ಆಧಾರ ಬೇಕು.

1961ರ ಕಾನೂನಿನಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಮನೆಗಳಲ್ಲಿ ಉಳಿದುಹೋದ ಹಳೆಯ ಕಾಗದಗಳಿಗೆ ಗೆದ್ದಲೇ ಈಗ ವಾರಸುದಾರ. ಕಲ್ಲು ಕಾದೀತು, ಕಾಗದ ಕಾಯದು. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಒಂದೊಂದು ಮನೆಯ ಪತ್ರಗಳನ್ನಾದರೂ, ಮನೆಯವರ ಒಪ್ಪಿಗೆ ಪಡೆದು, ಪ್ರತಿಮಾಡಿ ತಂದರೆ, ಶಾಸನಗಳಿಗೂ ನಮಗೂ ನಡುವೆ ಕಡಿದುಹೋಗಿರುವ ದಾರಿಯು ಕೆಲವೆಡೆಯಾದರೂ ಕೂಡಿಕೊಂಡೀತು.