ಅಂಗಿಯ ತೋಳಿಗೆ ಹಿಡಿಸದ ಕುಂಬಳಕಾಯಿ

ನಮ್ಮ ಸಾದಲಿ ಕಡೆ ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ. ಗಾದೆಗಳು ಮಾತ್ರ ಎರಡರಲ್ಲೂ ಒಂದೇ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂದು ಅಪ್ಪ ಶುರು ಮಾಡಿದರೆ, ಅಜ್ಜಿ ಒಳಗಿನಿಂದಲೇ ‘ಗುಮ್ಮಡಿಕಾಯ ದೊಂಗ’ ಎಂದು ತೆಲುಗಿನಲ್ಲಿ ಅದಕ್ಕೆ ದನಿಗೂಡಿಸುತ್ತಿದ್ದಳು. ಆಗ ರೇಷ್ಮೆ ಸಾಕುವ ಮನೆಗಳಲ್ಲಿ ಗೋಡೆಗೆ ಚಂದ್ರಿಕೆ ಒರಗಿಸಿದ್ದರೆ, ಅದರ ಮೇಲೆ ಮೊಳೆಯಲ್ಲಿ ಒಂದು ಫೋಟೋ: ಕಾವಿ ನಿಲುವಂಗಿ, ಕಪ್ಪು ಗುಂಗುರು ಕೂದಲು, ಎತ್ತಿದ ಕೈ. ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಪುಟ್ಟಪರ್ತಿಯ ಸೀಮೆ. ನಮಗೆ ಸತ್ಯಸಾಯಿ ಬಾಬಾ ಎಲ್ಲೋ ಇರುವ ದೇವರಲ್ಲ, ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದಾದ ದೇವರು.

ಅದೇ ಬಾಬಾ ಅವರಿಗೆ ನಮ್ಮದೇ ಜಿಲ್ಲೆಯ ಮೇಷ್ಟ್ರೊಬ್ಬರು ಕುಂಬಳಕಾಯಿ ಕೇಳಿದ್ದರು ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಕೇಳಿ ನಕ್ಕುಬಿಟ್ಟಿದ್ದೆ. ಈಚೆಗೆ ಅದನ್ನು ಬೆನ್ನು ಹತ್ತಿ ಓದುತ್ತಾ ಹೋದಂತೆ ನಗುವ ವಿಷಯವಲ್ಲ ಅನ್ನಿಸಿತು. ಈ ನಾಡು ಕಂಡ ಅತ್ಯಂತ ಸಭ್ಯ ಪ್ರತಿಭಟನೆಗಳಲ್ಲಿ ಅದೂ ಒಂದು.

ಮೇಷ್ಟ್ರ ಹೆಸರು ಎಚ್. ನರಸಿಂಹಯ್ಯ. ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಬಡತನದ ಮನೆ. 1935ರಲ್ಲಿ ಹೈಸ್ಕೂಲು ಓದಲು ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಮರುವರ್ಷ, ಅಂದರೆ ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದ 1936ರಲ್ಲಿ, ಅವರು ಆ ಶಾಲೆಗೂ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಲು ಆರಿಸಿದ್ದು ಇದೇ ಹುಡುಗನನ್ನು. ಆಮೇಲೆ ಖಾದಿ ಬಿಡಲಿಲ್ಲ, ಟೋಪಿ ಬಿಡಲಿಲ್ಲ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲು ಕಂಡರು. ಯೆರವಾಡ ಜೈಲೂ ಅದರಲ್ಲಿ ಸೇರಿತ್ತು. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ: ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ., ನ್ಯಾಷನಲ್ ಕಾಲೇಜಿನಲ್ಲಿ ಪಾಠ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ವಿಜ್ಞಾನದ ಪಿಎಚ್.ಡಿ., 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ದಶಕಗಟ್ಟಲೆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಮನೆ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಜನರಿಗೆ ಅವರು ಎಚ್ಚೆನ್.

ಇಲ್ಲಿಂದ ಕಥೆ ರಂಗೇರುತ್ತದೆ. ಏಕೆಂದರೆ ಎಚ್ಚೆನ್ ಕೂತ ಕುರ್ಚಿಯಲ್ಲಿ 1966ರಿಂದ 1969ರವರೆಗೆ ಕೂತಿದ್ದವರು ವಿ.ಕೃ. ಗೋಕಾಕರು. ಕವಿ, ಇಂಗ್ಲಿಷ್ ಪಂಡಿತ, ಮುಂದೆ ಜ್ಞಾನಪೀಠ ಪಡೆದವರು, ಬಾಬಾ ಅವರ ಪರಮಭಕ್ತ. 1981ರಲ್ಲಿ ಪುಟ್ಟಪರ್ತಿಯಲ್ಲಿ ಸತ್ಯಸಾಯಿ ವಿದ್ಯಾಸಂಸ್ಥೆ ಶುರುವಾದಾಗ ಅದರ ಮೊದಲ ಕುಲಪತಿಯೂ ಅವರೇ. ಅಂಥ ಇನ್ನೊಬ್ಬ ಭಕ್ತರು ಸೂರಿ ಭಗವಂತಂ. ಸಿ.ವಿ. ರಾಮನ್ ಜೊತೆ ಕೆಲಸ ಮಾಡಿದ ಭೌತವಿಜ್ಞಾನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು, ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದವರು. ಬಾಬಾ ತೆಲುಗಿನಲ್ಲಿ ಪ್ರವಚನ ಮಾಡಿದರೆ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳುತ್ತಿದ್ದವರು ಇವರು. ಇಬ್ಬರು ಭೌತವಿಜ್ಞಾನಿಗಳು, ಇಬ್ಬರೂ ಒಮ್ಮೆ ದುಭಾಷಿಗಳು: ಒಬ್ಬರು ಗಾಂಧಿಗೆ, ಒಬ್ಬರು ಬಾಬಾಗೆ. ಕಾದಂಬರಿಯಲ್ಲಿ ಹೀಗೆ ಬರೆದರೆ ಓದುಗರು ಒಪ್ಪುವುದಿಲ್ಲ.

ಎಚ್ಚೆನ್ ಅವರನ್ನು ಕೆರಳಿಸಿದ್ದು ಹಳ್ಳಿಯವರ ಭಕ್ತಿ ಅಲ್ಲ, ವಿದ್ಯಾವಂತರ ಈ ಸಾಕ್ಷಿ ಎಂದು ನನ್ನ ಗುಮಾನಿ. ನಮ್ಮ ಅಜ್ಜಿ ಫೋಟೋಕ್ಕೆ ಊದುಬತ್ತಿ ಹಚ್ಚಿದರೆ ಯಾರಿಗೂ ನಷ್ಟವಿಲ್ಲ. ಗಾಳಿಯಲ್ಲಿ ಕೈ ಆಡಿಸಿದರೆ ವಿಭೂತಿ ಉದುರಿತು, ಉಂಗುರ ಬಂತು ಎಂಬುದಕ್ಕೆ ವಿಜ್ಞಾನಿಯೊಬ್ಬ ಸಾಕ್ಷಿ ನಿಂತರೆ ಪಾಠ ಹೇಳುವ ಮೇಷ್ಟ್ರ ಗತಿ ಏನು?

1976ರಲ್ಲಿ ವಿಶ್ವವಿದ್ಯಾಲಯದಲ್ಲೇ ಒಂದು ಸಮಿತಿ ಆಯಿತು. ಪವಾಡಗಳನ್ನೂ, ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವುದು ಅದರ ಕೆಲಸ. ‘ಪರೀಕ್ಷೆಗೆ ಒಡ್ಡಬಹುದಾದ’ ಎಂಬ ಮಾತನ್ನು ಗಮನಿಸಬೇಕು. ದೇವರಿದ್ದಾನೋ ಇಲ್ಲವೋ ಎಂಬ ಗೊಡವೆಗೆ ಸಮಿತಿ ಹೋಗಲಿಲ್ಲ. ಉಂಗುರ ಎಲ್ಲಿಂದ ಬಂತು ಎಂಬಷ್ಟೇ ಪ್ರಶ್ನೆ. ಎಚ್ಚೆನ್ ಬಾಬಾ ಅವರಿಗೆ ಒಂದಲ್ಲ, ಮೂರು ಪತ್ರ ಬರೆದರು: ಸಮಿತಿಯ ಎದುರು, ನಿಗದಿತ ಷರತ್ತುಗಳಿಗೆ ಒಳಪಟ್ಟು ತಮ್ಮ ಪವಾಡಗಳನ್ನು ತೋರಿಸಬೇಕು ಎಂದು. ಪತ್ರಗಳು ಪತ್ರಿಕೆಗಳಿಗೂ ಸಿಕ್ಕವು. ಜೊತೆಗೇ ಜನರ ಬಾಯಿಗೆ ಬಿದ್ದದ್ದು ಕುಂಬಳಕಾಯಿ. ಉಂಗುರ, ಸರ, ವಾಚು ಯಾವುದೂ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಸಾಕು ಎಂದರು ಎಚ್ಚೆನ್. ಉದ್ದ ತೋಳಿನ ನಿಲುವಂಗಿಯೊಳಗೆ ಉಂಗುರ ಅಡಗೀತು, ಕುಂಬಳಕಾಯಿ ಅಡಗುವುದಿಲ್ಲ.

ಯಾವ ಕುಂಬಳ ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ಸಿಹಿಗುಂಬಳವೋ, ಆಯುಧಪೂಜೆಗೆ ಒಡೆಯುವ ಬೂದುಗುಂಬಳವೋ? ಬೂದಿ ಕೊಡುವವರಿಗೆ ಬೂದುಗುಂಬಳವೇ ಹಗುರ ಎಂಬುದು ನನ್ನ ಅಧಿಕಪ್ರಸಂಗ, ಮೇಷ್ಟ್ರದ್ದಲ್ಲ.

ಇದನ್ನು ಪ್ರತಿಭಟನೆ ಎನ್ನಬಹುದೇ ಎಂದು ಕೆಲವರು ಮೂಗು ಮುರಿಯಬಹುದು. ಮೆರವಣಿಗೆ ಇಲ್ಲ, ಧಿಕ್ಕಾರವಿಲ್ಲ, ಬೋರ್ಡಿಗೆ ಮಸಿಯಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ ಎಂಬುದನ್ನು ಮರೆಯಬಾರದು. ನಾಲ್ಕು ಜನ ಬೀದಿಯಲ್ಲಿ ಸೇರಿದರೆ ಪೊಲೀಸರು ಬರುತ್ತಿದ್ದರು. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಅಂಥ ದಿನಗಳಲ್ಲಿ ದೇಶದ ದೊಡ್ಡ ದೊಡ್ಡವರೆಲ್ಲ ನಮಸ್ಕಾರ ಮಾಡುವ ಪೀಠವೊಂದಕ್ಕೆ ಅಂಚೆಯಲ್ಲಿ ಪ್ರಶ್ನೆ ಕಳಿಸುವುದು, ಅದನ್ನು ಸಾರ್ವಜನಿಕವಾಗಿಯೇ ಕಳಿಸುವುದು ಸಣ್ಣ ಧೈರ್ಯವಲ್ಲ. ಗಾಂಧಿಯ ಮಾತನ್ನು ಕನ್ನಡಕ್ಕೆ ತಂದ ಹುಡುಗ ನಲವತ್ತು ವರ್ಷಗಳ ಮೇಲೆ ಆ ಮಾತನ್ನು ಹೀಗೆ ಬಳಸಿಕೊಂಡ.

ಪತ್ರಗಳಿಗೆ ಉತ್ತರ ಬರಲಿಲ್ಲ. ಬಂದದ್ದು ಮುಂಬಯಿಯ ‘ಬ್ಲಿಟ್ಜ್’ ವಾರಪತ್ರಿಕೆಯ ಸಂಪಾದಕ ಆರ್.ಕೆ. ಕರಂಜಿಯಾ ನಡೆಸಿದ ಸಂದರ್ಶನದಲ್ಲಿ ಬಾಬಾ ಅವರ ಮಾತು: ನರಸಿಂಹಯ್ಯನವರ ವಿಧಾನ ಸರಿಯಲ್ಲ, ವಿಜ್ಞಾನ ಇಂದ್ರಿಯಗಳಿಗೆ ಎಟಕುವುದನ್ನಷ್ಟೇ ಶೋಧಿಸಲಿ, ಅಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು. ಭಕ್ತರಿಗೆ ಅದು ಸಾಕಾಯಿತು. ನನಗೆ ಸಾಕಾಗುವುದಿಲ್ಲ. ಅಧ್ಯಾತ್ಮ ಇಂದ್ರಿಯಕ್ಕೆ ಮೀರಿದ್ದಿರಬಹುದು, ಉಂಗುರ ಬೆರಳಿಗೆ ಹಾಕಿಕೊಳ್ಳುವಂಥದ್ದು. ವಾಚಿಗಂತೂ ದಿನಾ ಕೀ ಕೊಡಬೇಕು. ಪತ್ರಿಕೆಗಳಲ್ಲಿ ಪರ ವಿರೋಧ ತಿಂಗಳುಗಟ್ಟಲೆ ನಡೆಯಿತು.

ಸಮಿತಿ ಇನ್ನೊಂದು ಕಡೆಯೂ ಹೋಯಿತು, ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ. ಅಲ್ಲಿ ಏಳು ವರ್ಷದ ಹುಡುಗನೊಬ್ಬ ಬಾಬಾ ಹಾಗೆಯೇ ವಿಭೂತಿ ಬರಿಸುತ್ತಾನೆ ಎಂದು ಜನ ಮುಗಿಬೀಳುತ್ತಿದ್ದರು. ಬಟ್ಟೆಯೊಳಗೆ ವಿಭೂತಿ ಅಡಗಿಸಿಟ್ಟದ್ದು ಸಮಿತಿಯ ಎದುರು ಬಯಲಾಯಿತು. ಸಮಿತಿಗೆ ಅದು ಗೆಲುವು. ನನಗೆ ಮಾತ್ರ ಆ ಪ್ರಸಂಗ ಓದಿದಾಗಲೆಲ್ಲ ಆ ಹುಡುಗನ ಮೇಲೆ ಕನಿಕರ. ಅಂಗಿಯೊಳಗೆ ಬೂದಿ ಕಟ್ಟಿ ಕೂರಿಸುವ ಉಪಾಯ ಏಳು ವರ್ಷದ ತಲೆಯದ್ದಾಗಿರಲಾರದು.

1977ರಲ್ಲಿ ಎಚ್ಚೆನ್ ಅವರ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು. ಒಂದು ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲೇ ನಿಂತು ಪವಾಡವನ್ನು ಪ್ರಶ್ನಿಸಿದ ಆ ಕಾಲ ಎರಡು ವರ್ಷವೂ ಬಾಳಲಿಲ್ಲ. ಈಗ ಕುಲಪತಿಗಳು ಸ್ವಾಮೀಜಿಗಳಿಗೆ ಪತ್ರ ಬರೆಯುವುದಿದ್ದರೆ ಅದು ಘಟಿಕೋತ್ಸವದ ಆಮಂತ್ರಣ.

ಆದರೆ ಪ್ರಶ್ನೆ ಬೀದಿಗೆ ಇಳಿಯಿತು. 1986ರಲ್ಲಿ ಬಸವ ಪ್ರೇಮಾನಂದ ಎಂಬ ಕೇರಳ ಮೂಲದ ವಿಚಾರವಾದಿ ಐನೂರು ಸ್ವಯಂಸೇವಕರ ಜೊತೆ ಪುಟ್ಟಪರ್ತಿಯತ್ತ ಮೆರವಣಿಗೆ ಹೊರಟರು. ಪೊಲೀಸರು ಬಂಧಿಸಿದರು. ಅವರ ಇನ್ನೊಂದು ಬಾಣ ಇನ್ನೂ ಸೊಗಸು: ಸರ್ಕಾರದ ಅನುಮತಿ ಇಲ್ಲದೆ ಚಿನ್ನ ಉತ್ಪಾದಿಸುವುದು ಚಿನ್ನ ನಿಯಂತ್ರಣ ಕಾಯ್ದೆಯ ಉಲ್ಲಂಘನೆ ಎಂದು ಬಾಬಾ ವಿರುದ್ಧ ಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಕುಂಬಳಕಾಯಿಯ ತಮ್ಮ ಈ ಅರ್ಜಿ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ನಮ್ಮ ಬಾಗೇಪಲ್ಲಿ ತಾಲ್ಲೂಕಿನ ಗೂಳೂರಿನ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿ ಕುಕ್ಕೆಯ ಮಡೆಸ್ನಾನದ ವಿರುದ್ಧ ನಿಂತರು, ಮೂಢಾಚರಣೆ ತಡೆಯುವ ಕಾಯ್ದೆಗಾಗಿ ಧರಣಿ ಕೂತರು. ಕಾವಿ ತೊಟ್ಟವರೇ ಪ್ರಶ್ನೆ ಕೇಳಿದ್ದು ಎಚ್ಚೆನ್ ಇದ್ದಿದ್ದರೆ ಅವರಿಗೂ ಹಿಡಿಸುತ್ತಿತ್ತು. ಆ ಕಾಯ್ದೆಗೆ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು. ಜಾರಿಗೆ ಬಂದದ್ದು 2020ರಲ್ಲಿ.

ಅಜ್ಜಿಯ ಪರವಾಗಿಯೂ ಒಂದು ಮಾತು ಹೇಳಬೇಕು. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಬಾಬಾ ಅವರ ದೊಡ್ಡ ಆಸ್ಪತ್ರೆ ಶುರುವಾಯಿತು. ಕಾಸು ಕೇಳದೆ ಹೃದಯದ ಆಪರೇಷನ್ ಮಾಡುವ ಜಾಗ. ಅಲ್ಲಿಂದ ಎದೆಯ ಮೇಲೆ ಹೊಲಿಗೆಯ ಗೆರೆ ಹೊತ್ತು ಬಂದವನ ಮುಂದೆ ಕುಂಬಳಕಾಯಿಯ ಮಾತು ತೆಗೆಯುವುದು ಕಷ್ಟ. ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟದ್ದೂ ಬಾಬಾ ಅವರ ಟ್ರಸ್ಟೇ. ಆಸ್ಪತ್ರೆ ಕಟ್ಟಲು ಉಂಗುರ ಬರಿಸುವ ಅಗತ್ಯ ಏನಿತ್ತು ಎಂದು ಎಚ್ಚೆನ್ ಪಕ್ಷದವರು ಕೇಳಬಹುದು. ಉಂಗುರ ಇಲ್ಲದಿದ್ದರೆ ಅಷ್ಟು ಕಾಣಿಕೆ ಬರುತ್ತಿತ್ತೇ ಎಂದು ನನ್ನ ಸೋದರಮಾವ ತಿರುಗಿ ಕೇಳುತ್ತಾನೆ. ಈ ಜಗಳ ನಮ್ಮ ಮನೆಯ ಪ್ರತಿ ಯುಗಾದಿಗೂ ಒಬ್ಬಟ್ಟಿನ ಜೊತೆ ಬಡಿಸುವಂಥದ್ದು.

ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು, ಬಾಬಾ 2011ರ ಏಪ್ರಿಲ್ 24ರಂದು. ಮೇಷ್ಟ್ರು ಬೆಳೆಸಿದ ನ್ಯಾಷನಲ್ ಕಾಲೇಜುಗಳು ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಇವೆ. ಆ ಕಾಲದ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆದ ವಾದವನ್ನು, ಓದುಗರು ಬರೆದ ಕಾಗದಗಳನ್ನು, ಬೈಗುಳಗಳನ್ನೂ ಸೇರಿಸಿ ಒಂದೇ ಕಡೆ ಓದಬೇಕೆಂಬುದು ನನ್ನ ಆಸೆ. ನಿಮ್ಮ ಮನೆಯ ಅಟ್ಟದಲ್ಲಿ 1976ರ ಪತ್ರಿಕೆಗಳ ಕಟ್ಟು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹತ್ತುವ ಮೊದಲು ಆ ಎರಡು ಕಾಲೇಜುಗಳಲ್ಲಿ ಒಂದರ ಗ್ರಂಥಾಲಯಕ್ಕೆ ಮುಟ್ಟಿಸಿ.